ಹಾಡಿಯ ಹಿಂದಿನ ದಾರಿ

ನಮ್ಮೂರಿನ ಹಾಡಿ ನಿಸರ್ಗಧಾಮವಾಗುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ತಲ್ಲೂರಿನ ಹೆದ್ದಾರಿಯಿಂದ ಒಳಗೆ, ಹೊಳೆಯವರೆಗೂ ಚಾಚಿದ ಕಾಡು ಅದು. ಮುಂದೆ ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಯೋಜನೆ ಮಾಡುವ ಸಮಿತಿಗೆ ಊರಿನವರ ಪರವಾಗಿ ನನ್ನನ್ನು ಸೇರಿಸಿದರು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವನು, ನಾಲ್ಕು ಜನರೆದುರು ಮಾತಾಡಬಲ್ಲ ಎಂಬುದಷ್ಟೇ ನನ್ನ ಅರ್ಹತೆ.

ಸಭೆಯಲ್ಲಿ ಮೇಜಿನ ತುಂಬ ನಕ್ಷೆ ಹರಡಿದ್ದರು. ಟಿಕೆಟ್ ಕೌಂಟರ್ ಎಲ್ಲಿ, ಮಕ್ಕಳ ಆಟದ ಜಾಗ ಎಲ್ಲಿ, ಯಾವ ಭಾಗಕ್ಕೆ ಯಾರೂ ಕಾಲಿಡಬಾರದು, ಎಲ್ಲ ಮಾತಾಯಿತು. ಅರಣ್ಯ ಇಲಾಖೆಯ ಅಧಿಕಾರಿ ಹಿಂಬದಿಯ ಕಾಲುದಾರಿಯ ಮೇಲೆ ಬೆರಳಿಟ್ಟು, “ಇಲ್ಲಿ ಬೇಲಿ ಹಾಕಿ ಮುಚ್ಚಿದರೆ ಯಾರಿಗಾದರೂ ತೊಂದರೆಯಾ ಸರ್?” ಎಂದು ನನ್ನನ್ನೇ ಕೇಳಿದರು.

ಆ ದಾರಿಯಲ್ಲಿ ದಿನವೂ ಹೋಗುವವಳು ನನ್ನ ಅಕ್ಕ. ಹಾಡಿಯ ಅಂಚಿಗೇ ಅವಳ ಮನೆ. ದನದ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾಳೆ. ಬೇಡವೆಂದು ಎಷ್ಟೋ ಸಲ ಜಗಳವಾಡಿದ್ದೇನೆ. ಗದ್ದೆ, ತೋಟವಿದ್ದ ಮನೆತನ. ತಮ್ಮನಾದ ನಾನು ಮುಂಬೈಯಲ್ಲಿ ಹೋಟೆಲಿನ ಯಜಮಾನನಾಗಿದ್ದವನು. ಅಕ್ಕನ ತಲೆಯ ಮೇಲೆ ತರಗೆಲೆಯ ಬುಟ್ಟಿ! ಅದನ್ನು ಆ ಎಸಿ ಕೋಣೆಯಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. “ಈಗ ಅಲ್ಲಿ ಯಾರೂ ಹೋಗುವುದಿಲ್ಲ” ಎಂದುಬಿಟ್ಟೆ. ಅವರು ದಾರಿಗೆ ಅಡ್ಡವಾಗಿ ಕೆಂಪು ಗೆರೆ ಎಳೆದರು. ನಾನು ಚಹಾದ ಜೊತೆ ಕೊಟ್ಟ ಗೋಳಿಬಜೆ ತಿಂದೆ.

ಮರುವಾರ ಅಕ್ಕ ಮನೆಗೆ ಬಂದಳು, ಚೀಲದ ತುಂಬ ಕಾಟುಮಾವಿನ ಹಣ್ಣು. ಹಾಡಿಯಲ್ಲಿ ಬಿದ್ದ ಹಣ್ಣು ಹೆಕ್ಕಿದವರದ್ದು ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ರೂಢಿ.

“ಹಾಡಿಗೆ ಬೇಲಿ ಹಾಕ್ತ್ರ್ ಅಂಬ್ರ್, ಹೌದಾ ಮಾರಾಯ?” ಎಂದಳು. “ಆಚಿಮನಿಯರಿಗೆಲ್ಲ ಹೆದ್ರಿಕಿ. ನಾ ಹೇಳ್ದೆ, ನನ್ ತಮ್ಮ ಅಲ್ಲಿಪ್ಪತಿಗೆ ನಂಗೆಂತ ಹೆದ್ರಿಕಿ ಅಂದೇಳಿ.”

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಯೋಜನೆ ಇನ್ನೂ ಅಂತಿಮವಾಗಿಲ್ಲ, ತಿದ್ದಲು ಸಮಯವಿದೆ. ಆದರೆ ತಿದ್ದಬೇಕಾದರೆ ಅದೇ ಕೋಣೆಗೆ ಹೋಗಿ, ನಾನು ಹೇಳಿದ್ದು ಸುಳ್ಳು, ಆ ದಾರಿಯಲ್ಲಿ ಬುಟ್ಟಿ ಹೊತ್ತು ಬರುವವಳು ನನ್ನ ಅಕ್ಕ ಎನ್ನಬೇಕು. ಕಡೇಪಕ್ಷ ಅಕ್ಕನಿಗಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ಹಣ್ಣೊಂದನ್ನು ತೊಳೆದು ಕೈಗಿಟ್ಟಳು. ಅದನ್ನು ಚೀಪತೊಡಗಿದೆ.

“ಹುಳಿ ಇತ್ತಾ?” ಎಂದು ಕೇಳಿದಳು.

“ಇಲ್ಲ, ಲಾಯ್ಕಿತ್ತ್.”

“ಹಾಂಗಾರೆ ಬಪ್ಪ್ ವರ್ಷವೂ ಹಾಡಿಂದ ಹೆಕ್ಕಿ ತತ್ತೆ.”

“ಆಯ್ತಕ್ಕ” ಎಂದೆ, ಅವಳ ಮುಖ ನೋಡದೆ.