ಅಂಗಡಿಯ ಕಡೆ ತಿರುಗಿದ ವಾಟ

ನಾನು ಏಳು ವರ್ಷ ಬ್ಲೌಸ್ ಹೊಲಿದ ಅಂಗಡಿ ಈಗ ಇಲ್ಲ. ಅದರ ಮುಂದೆ ಸ್ಟ್ರೀಟ್‌ಕಾರಿನ, ಅಂದರೆ ಬೀದಿಯಲ್ಲೇ ಓಡುವ ಟ್ರಾಮಿನ, ಹಳಿ ಕೆಲಸಕ್ಕೆ ನಿಂತಿದ್ದ ನಮ್ಮ ಮನೆಯವರೂ ಈಗ ಇಲ್ಲ. ಅಂಗಡಿ ಮುಚ್ಚಿದ್ದು ನೀರು, ಧೂಳಿನಿಂದ. ಅವರು ಹೋದದ್ದು ಒಂದು ಮುಂಜಾನೆ ಎದೆನೋವು ಬಂದು. ಒಂದಕ್ಕೊಂದು ಸಂಬಂಧವಿಲ್ಲ ಎಂದು ಮಗಳು ಹೇಳುತ್ತಾಳೆ. ನಿಜ. ಆದರೂ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಅಗೆದ ಬೀದಿ.

ಅಂಗಡಿ ಇದ್ದದ್ದು ಈ ಪರದೇಶದ ಊರಿನ ಜೆರಾರ್ಡ್ ಇಂಡಿಯಾ ಬಜಾರಿನಿಂದ ಸ್ವಲ್ಪ ದೂರದ ಒಂದು ಬೀದಿಯಲ್ಲಿ. ಅದರ ಒಡತಿ ಗುಜರಾತಿನವರು. ಅಕ್ಕ ಎನ್ನುವ ಹಾಗೆ ಎಲ್ಲರೂ ಅವರನ್ನು ಬೆನ್ ಎಂದು ಕರೆಯುತ್ತಿದ್ದರು. ಗಂಡ ಇಲ್ಲದ ಹೆಂಗಸು. ಬಾಯಿ ಜೋರು, ಕೈ ಧಾರಾಳ. ಅವರು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ, ಸೀರೆಗೆ ಫಾಲ್ ಹಚ್ಚುತ್ತಿದ್ದೆ. ನಮ್ಮಿಬ್ಬರ ಭಾಷೆ ಮುರುಕು ಹಿಂದಿ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಹಳಿ ಬದಲಿಸಲು ಬೀದಿ ಅಗೆದಾಗ ಮೊದಲು ಯಾರಿಗೂ ಬೇಸರವಿರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಕೆಲಸ ಮುಗಿಯುತ್ತದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆಮೇಲೆ ಅದರ ಮೇಲೆಯೇ ಇನ್ನೊಂದು ತಿಂಗಳ ಚೀಟಿ ಬಂತು, ಅದರ ಮೇಲೆ ಮತ್ತೊಂದು. ಸ್ಟ್ರೀಟ್‌ಕಾರಿನ ಬದಲು ಬಸ್ಸು ಬಿಟ್ಟರು. ಅದು ಇವತ್ತು ಒಂದು ಬೀದಿಯಲ್ಲಿ ನಿಂತರೆ ನಾಳೆ ಇನ್ನೊಂದರಲ್ಲಿ. ಸೀರೆ ಚೀಲ ಹಿಡಿದು ಬೇಲಿಯ ಸುತ್ತ ನಡೆದು ಬಂದ ಹೆಂಗಸರು ಒಳಗೆ ಬರುವ ಮೊದಲೇ ಬಯ್ಯಲು ಶುರು ಮಾಡುತ್ತಿದ್ದರು. ಧಾರವಾಡದ ಗಿರಾಕಿಯೊಬ್ಬರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಹುಬ್ಬಳ್ಳಿ ಧೂಳು ಬಿಟ್ಟು ಇಲ್ಲಿ ತನಕ ಓಡಿ ಬಂದ್ವಿ. ಅದೂ ವೀಸಾ ತಗೊಂಡು ನಮ್ಮ ಬೆನ್ನ ಹಿಂದ ಬಂದದ ನೋಡ್ರಿ" ಎಂದಿದ್ದರು. ನಾನು ನಕ್ಕಿದ್ದೆ.

ಆ ಕೆಲಸಕ್ಕೇ ನಮ್ಮ ಮನೆಯವರನ್ನು ಹಾಕಿದ್ದರು. ಅವರದು ಗೌಂಡಿಗಳ ಮನೆತನ. ಊರಲ್ಲಿದ್ದಾಗ ಇಪ್ಪತ್ತು ಜನರನ್ನು ಇಟ್ಟುಕೊಂಡು ಮನೆ ಕಟ್ಟಿಸುತ್ತಿದ್ದರು. ಇಲ್ಲಿ ಸಾಮಾನು ಹೊರುವುದು, ಕಸ ಎತ್ತುವುದು, ಒಂದು ಕಡೆ ಸ್ಟಾಪ್, ಇನ್ನೊಂದು ಕಡೆ ಸ್ಲೋ ಎಂದು ಬರೆದ ಬೋರ್ಡು ಹಿಡಿದು ಕಾರುಗಳ ಮುಂದೆ ನಿಲ್ಲುವುದು. ಕಾರಿನ ಗಾಜು ಇಳಿಸಿ ಜನ ಅವರಿಗೆ ಏನೇನೋ ಅನ್ನುತ್ತಿದ್ದರು. ಆ ರಸ್ತೆಯನ್ನು ಅವರೇ ಕೆಡಿಸಿದರು ಅನ್ನುವ ಹಾಗೆ. ಅಂಗಡಿಯ ಗಾಜಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಬೆನ್ ಮಾತ್ರ ಆ ಮೊದಲ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಚಹಾ ಕಳಿಸುತ್ತಿದ್ದರು. "ನಿನ್ನ ಸಾಹೇಬರು ಬಿಸಿಲಿಗೆ ಸುಟ್ಟ ರೊಟ್ಟಿಯಾಗಿದ್ದಾರೆ, ಹೋಗಿ ಕೊಡು" ಎನ್ನುತ್ತಿದ್ದರು.

ಹಳಿಯ ಕೆಲಸ ಮುಗಿಯುತ್ತ ಬಂದಾಗ ಅಂಗಡಿಗಳ ಮುಂದಿನ ಫುಟ್‌ಪಾತ್ ಹೊಸದಾಗಿ ಹಾಕಲು, ಕಾಂಕ್ರೀಟಿನ ಅಂಚಿಗೆಂದು ಹಲಗೆ ಕಟ್ಟಿದರು. ಅವತ್ತು ಸಂಜೆ ನಾವಿದ್ದ ರೆಕ್ಸ್‌ಡೇಲಿಗೆ ಮರಳುವ ಬಸ್ಸಿನಲ್ಲಿ ನಮ್ಮ ಮನೆಯವರು ಹಲಗೆಯ ಮಾತು ತೆಗೆದರು.

"ಹಲಗಿ ತಪ್ಪು ಕಟ್ಯಾರ. ವಾಟ ರಸ್ತೆ ಕಡೆ ಇರಬೇಕು, ಅಂಗಡಿ ಕಡೆ ಬಂದದ."

ನೀರು ಹರಿದು ಹೋಗಲು ಕೊಡುವ ಇಳಿಜಾರಿಗೆ ಗೌಂಡಿಗಳು ವಾಟ ಎನ್ನುತ್ತಾರೆ. ಅವರು ಊಟದ ಹೊತ್ತಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಹಲಗೆಯ ಉದ್ದಕ್ಕೂ ನೋಡಿದ್ದರಂತೆ. ಆಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟು ಬಾಟಲಿಯ ನೀರು ಸುರಿದರಂತೆ. ಊರಲ್ಲೂ ಹಾಗೇ. ಮಟ್ಟ ನೋಡುವ ರಸಮಟ್ಟ ಇಟ್ಟು ನೋಡಿದ ಮೇಲೂ ಒಂದು ತಂಬಿಗೆ ನೀರು ಸುರಿದು, ಅದು ಎತ್ತ ಹೋಗುತ್ತದೆ ಎಂದು ನೋಡದೆ ಅವರು ಯಾವ ನೆಲವನ್ನೂ ಒಪ್ಪುತ್ತಿರಲಿಲ್ಲ.

"ನೀರು ಸೀದಾ ಬೆನ್ ಅವರ ಬಾಗಿಲಿಗೇ ಬಂತು. ನಾಳೆ ಮುಂಜಾನೆ ಕಾಂಕ್ರೀಟ್ ಸುರೀತಾರ. ಮೇಸ್ತ್ರಿಗೆ ಹೇಳ್ಲೇನು?"

"ನಿಮಗ್ಯಾಕ ಬೇಕ್ರಿ ಅದು," ಎಂದೆ. "ಅವರ ಹತ್ರ ಮಷೀನ್ ಅದಾವ, ಎಂಜಿನಿಯರ್ ಅದಾರ."

"ಮಷೀನ್ ಅದ. ನೋಡಾಂವ ಇಲ್ಲ."

"ಹೋದ ಸಲ ಹೇಳಿದ್ದಕ್ಕ ಏನಾತು, ಮರತ್ರೇನು?"

ಅವರು ಮರೆತಿರಲಿಲ್ಲ. ಹಿಂದೆ ಇನ್ನೊಂದು ಕಡೆ ಕೆಲಸಕ್ಕಿದ್ದಾಗ, ಕಾಂಕ್ರೀಟಿಗೆ ನೀರು ಜಾಸ್ತಿಯಾಯಿತು ಎಂದು ಎಲ್ಲರೆದುರು ಮೇಸ್ತ್ರಿಗೆ ಹೇಳಿದ್ದರು. ಮುಂದಿನ ಸೋಮವಾರದಿಂದ ಅವರನ್ನು ಕರೆಯಲೇ ಇಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದರು. ಈಗ ಮಗಳ ಓದು ಮುಗಿಯಲು ಒಂದು ವರ್ಷ ಉಳಿದಿತ್ತು.

"ಸುಮ್ಮನ ಇರ್ರಿ," ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ತಗೀಬ್ಯಾಡ್ರಿ."

ಅವರು ಕಿಟಕಿಯ ಕಡೆ ತಿರುಗಿದರು. "ಆತು ಬಿಡು," ಎಂದರು.

ಮರುದಿನ ಮುಂಜಾನೆ ನಾನು ಅಂಗಡಿಗೆ ಹೋಗುವ ಹೊತ್ತಿಗೆ ಕಾಂಕ್ರೀಟ್ ಗಾಡಿ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬೆನ್ ಹಲಗೆಗಳ ಕಡೆ ಕೈ ತೋರಿಸಿ, "ಸಾಹೇಬರು ಏನಂತಾರೆ, ಕೆಲಸ ಚೆನ್ನಾಗಿದೆಯಂತಾ?" ಎಂದು ಕೇಳಿದರು. ನಾನು ಹೂಂ ಎಂದು ಒಳಗೆ ಹೋಗಿ ಮಷೀನಿನ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಗಾಡಿ ಬಂತು. ಎಲ್ಲರೂ ಸೇರಿ ಸುರಿದರು, ಎಳೆದರು, ನುಣುಪು ಮಾಡಿದರು. ನೋಡಲು ಬಹಳ ಚಂದವಿತ್ತು.

ಮೊದಲ ದೊಡ್ಡ ಮಳೆಗೆ ನೀರು ಹೊಸ್ತಿಲು ದಾಟಿ ಒಳಗೆ ಬಂತು. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಒಂದು ಮದುವೆಯ ಬಟ್ಟೆಗಳೆಲ್ಲ ನೆನೆದು ಬಣ್ಣ ಬಿಟ್ಟವು. ಬೆನ್ ಮತ್ತು ನಾನು ಸೇರಿ ಬಕೆಟ್ಟಿನಲ್ಲಿ ನೀರು ತುಂಬಿ ಹೊರಗೆ ಚೆಲ್ಲಿದೆವು. ಚೆಲ್ಲಿದ್ದು ಮತ್ತೆ ಒಳಗೆ ಬರುತ್ತಿತ್ತು. ಮುಂದೆ ಗೊತ್ತಾಯಿತು, ಹಳಿಯ ಮಟ್ಟವೂ ಆ ಭಾಗದಲ್ಲಿ ಸರಿ ಇರಲಿಲ್ಲವಂತೆ. ಮರುವರ್ಷ ವಸಂತದಲ್ಲಿ ಹಾಕಿದ್ದನ್ನೆಲ್ಲ ಒಡೆದು ಮತ್ತೆ ಅಗೆದರು.

ಎರಡನೇ ಸಲ ಜನರಿಗೆ ತಾಳ್ಮೆ ಇರಲಿಲ್ಲ. ಅಂಗಡಿಯವರು ದೂರಿನ ಕಾಗದಕ್ಕೆ ಸಹಿ ಹಾಕಿ ಕೊಟ್ಟರು, ಸಭೆ ಮಾಡಿದರು. ಪಕ್ಕದ ಹಣ್ಣಿನ ಅಂಗಡಿಯವನು, "ಜಿಪ್ ಹಾಕಿಸಿಬಿಡಿ ರಸ್ತೆಗೆ, ಬೇಕಾದಾಗ ತೆಗೆಯಬಹುದು" ಎಂದು ಕೂಗಿ ಹೇಳುತ್ತಿದ್ದ. ನಗುವವರು ಇರಲಿಲ್ಲ. ಬಟ್ಟೆ ಹೊಲಿಸುವವರು ಬೇಲಿ, ಕೆಸರು ದಾಟಿ ಬರಲು ಬೇಸತ್ತು ಬೇರೆ ಕಡೆ ಹೋದರು.

ಅದೇ ಜಾಗಕ್ಕೆ ನಮ್ಮ ಮನೆಯವರನ್ನೇ ಮತ್ತೆ ನಿಲ್ಲಿಸಿದ್ದರು. ಒಂದು ದಿನ ಒಡೆಯುವ ಯಂತ್ರದ ಅದುರುವಿಕೆಗೆ ಅಂಗಡಿಯ ಕನ್ನಡಿ ಬಿರುಕು ಬಿಟ್ಟಿತು. ಬೆನ್ ಸೀದಾ ಹೊರಗೆ ಹೋದರು. ಎದುರಿಗೆ ಸಿಕ್ಕವರು ಇವರೇ.

"ನಿಮಗೆಲ್ಲ ಕಣ್ಣಿಲ್ಲವಾ ಭಾಯಿಸಾಬ್? ದಿನವಿಡೀ ಇಲ್ಲೇ ನಿಂತಿರುತ್ತೀರಿ, ಒಬ್ಬರಿಗೂ ಕಾಣಲಿಲ್ಲವಾ? ನನ್ನ ಚಹಾ ಕುಡಿದು ನನ್ನ ಅಂಗಡಿಗೇ ನೀರು ಬಿಟ್ಟಿರಾ?"

ಅವರು ಬೋರ್ಡು ಹಿಡಿದು ತಲೆ ತಗ್ಗಿಸಿ ನಿಂತರು. ನಾನು ಬಾಗಿಲಲ್ಲಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ, ಈಗ ಹಾಗೆ ಅನಿಸುತ್ತದೆ. ಸಂಜೆ ಬಸ್ಸಿನಲ್ಲಿ, "ಬೆನ್ ಅವರಿಗೆ ನಿಜ ಹೇಳಬೇಕು ನೋಡ. ಮನಸ್ಸಿನಾಗ ಕೊರೀತದ," ಎಂದರು. ಈಗ ಹೇಳಿ ಏನು ಬಂತು, ನನ್ನ ಕೆಲಸವೂ ಹೋಗುತ್ತದೆ ಎಂದು ನಾನು ಎರಡನೇ ಸಲ ಅವರ ಬಾಯಿ ಮುಚ್ಚಿಸಿದೆ. ಕೆಲಸ ಹೇಗೂ ಹೋಯಿತು. ಆ ವರ್ಷದ ದೀಪಾವಳಿಗೆ ಮೊದಲೇ ಬೆನ್ ಅಂಗಡಿ ಮುಚ್ಚಿ ರಿಚ್ಮಂಡ್ ಹಿಲ್‌ನಲ್ಲಿದ್ದ ಮಗನ ಮನೆ ಸೇರಿದರು.

ಅದೇ ಚಳಿಗಾಲದಲ್ಲಿ ನಮ್ಮ ಮನೆಯವರು ಹೋದರು. ಸುದ್ದಿ ತಿಳಿದು ಬೆನ್ ಫೋನ್ ಮಾಡಿ ಅತ್ತರು. "ಒಳ್ಳೆಯ ಮನುಷ್ಯ. ಯಾರ ಮೇಲಿನದೋ ಸಿಟ್ಟು, ಅವರಿಗೆ ಹಾಗೆ ಬೈಯಬಾರದಿತ್ತು. ನನ್ನನ್ನು ಕ್ಷಮಿಸು" ಎಂದರು. ನಾನು ಇರಲಿ ಬೆನ್ ಎಂದೆ. ಫೋನ್ ಇಟ್ಟ ಮೇಲೆ ಆ ಮಾತು ನನ್ನಿಂದ ಹೇಗೆ ಬಂತು ಎಂದು ನಾಚಿಕೆಯಾಯಿತು. ಕ್ಷಮೆ ಕೊಡುವ ಜಾಗದಲ್ಲಿ ನಾನು ಕೂತುಬಿಟ್ಟಿದ್ದೆ.

ಕಳೆದ ತಿಂಗಳು ನಮ್ಮ ಮನೆಯವರ ವರ್ಷಾಂತಿಕ ಮುಗಿಯಿತು. ಮರುವಾರ ಮೂರು ಬಸ್ಸು ಬದಲಿಸಿ ರಿಚ್ಮಂಡ್ ಹಿಲ್‌ಗೆ ಹೋದೆ. ಬೆನ್ ಬೇಸ್‌ಮೆಂಟಿನಲ್ಲಿ ಒಂದು ಮಷೀನ್ ಇಟ್ಟುಕೊಂಡು ಪರಿಚಯದವರಿಗೆ ಮಾತ್ರ ಹೊಲಿಯುತ್ತಾರೆ. ನಾನು ಕೂತು, ನೀರು ಸುರಿದು ನೋಡಿದ್ದು, ಬಸ್ಸಿನಲ್ಲಿ ಆಡಿದ್ದು, ನಾನು ತಡೆದದ್ದು ಎಲ್ಲ ಹೇಳಿದೆ. ಬೆನ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ಇದ್ದರು.

"ಅಂದರೆ ನಾನು ಬೈದಾಗ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು ಬೆನ್."

"ಅವರು ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅದು ನನಗೆ ಅರ್ಥವಾಗುತ್ತದೆ," ಎಂದರು. "ನೀನು ನನಗೆ ಯಾಕೆ ಹೇಳಲಿಲ್ಲ? ಆ ಬೆಳಿಗ್ಗೆ ನಾನೇ ಕೇಳಿದ್ದೆ. ನನಗೆ ಯಾರ ಭಯ? ನಾನು ಚಪ್ಪಲಿಯಲ್ಲೇ ಹೋಗಿ ಆ ಹಲಗೆಯ ಮೇಲೆ ಕೂತುಬಿಡುತ್ತಿದ್ದೆ. ಗಾಡಿ ಹೇಗೆ ಸುರಿಯುತ್ತಿತ್ತು ನೋಡುತ್ತಿದ್ದೆ. ಸಾಹೇಬರ ಹೆಸರೇ ಬರುತ್ತಿರಲಿಲ್ಲ."

ನಿಜವಾಗಿ ಹಾಗೇ ಮಾಡುತ್ತಿದ್ದರು. ಆ ಬೀದಿಯಲ್ಲಿ ಅವರ ಬಾಯಿಗೆ ಹೆದರದವರಿರಲಿಲ್ಲ. ದಿನಕ್ಕೆ ಎಂಟು ಗಂಟೆ ಅವರ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದವಳು ನಾನು. ಹೇಳಬೇಕಾದವರು ನಮ್ಮ ಮನೆಯವರು, ತಡೆಯಬೇಕಾದವಳು ನಾನು, ಇಷ್ಟೇ ನನ್ನ ತಲೆಯಲ್ಲಿತ್ತು. ನನಗೂ ಒಂದು ಬಾಯಿ ಇದೆ, ಅದರಿಂದ ಅವರ ಮನಸ್ಸೂ ಹಗುರಾಗುತ್ತಿತ್ತು, ಆ ಅಂಗಡಿಯೂ ಉಳಿಯುತ್ತಿತ್ತೇನೋ ಎಂಬುದು ಒಂದು ಸಲವೂ ಹೊಳೆಯಲಿಲ್ಲ.

"ಹೊಳೀಲೇ ಇಲ್ಲ ಬೆನ್" ಎಂದೆ.

ಅವರು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, ಮುಂದಿನ ವಾರ ಬಾ ಎಂದು ಮಾತ್ರ ಹೇಳಿದರು.