ಅರ್ಧಕ್ಕಿಳಿದ ತೇಗು

ಅವನನ್ನು ಎಲ್ಲರೂ ಗೂಟ ಎಂದೇ ಕರೆಯುತ್ತಿದ್ದರು. ನೆಟ್ಟಲ್ಲಿಂದ ಅಲುಗಿದವನಲ್ಲ. ಪಶು ಸಂಶೋಧನಾ ಕೇಂದ್ರದ ಕೊಟ್ಟಿಗೆಯಲ್ಲಿ ಕೆಲಸ, ಅದರ ಬೆನ್ನಿಗಿದ್ದ ಎರಡು ಕೋಣೆಯಲ್ಲಿ ಸಂಸಾರ. ಕೆಲಸ ಹೋದರೆ ಸೂರೂ ಹೋಗುತ್ತದೆ ಎಂಬ ಮಾತನ್ನು ಹೆಂಡತಿ ಪ್ರತಿ ಊಟದ ಜೊತೆಗೂ ಬಡಿಸುತ್ತಿದ್ದಳು.

ಅವನ ವಶದಲ್ಲಿದ್ದದ್ದು ಬೂದಿ ಎಂಬ ಹಸು. ಅದನ್ನು ಗಾಜಿನ ಕೋಣೆಯಲ್ಲಿ ಕೂಡಿಹಾಕಿ, ತೇಗಿನಲ್ಲಿ ಬರುವ ಮೀಥೇನ್ ಅನಿಲವನ್ನು ಯಂತ್ರದಿಂದ ಅಳೆಯುತ್ತಿದ್ದರು. ಆ ಅನಿಲ ತಗ್ಗಿಸಲು ಕೇಂದ್ರದ ವಿಜ್ಞಾನಿ ಮೇಡಂ ಒಂದು ಪುಡಿ ತಯಾರಿಸಿದ್ದರು. ಮೇವಿಗೆ ಅದನ್ನು ಬೆರೆಸಿ ಹಾಕುವುದು ಗೂಟನ ಕೆಲಸ.

ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿ ಹುಳಿ ಬರಿಸಿಟ್ಟ ಜೋಳದ ಮೇವಿನ ಮೂಟೆಗೆ ಒಮ್ಮೆ ಅವನ ಕವೆಗೋಲು ತಾಗಿ ಪ್ಲಾಸ್ಟಿಕ್ ಹರಿಯಿತು. ಗಾಳಿ ಹೊಕ್ಕು ಬೂಷ್ಟು ಹಿಡಿಯಿತು. ಬೈಗುಳಕ್ಕೆ ಹೆದರಿ, ಬೂಷ್ಟನ್ನು ಪೊರಕೆಯಲ್ಲಿ ಕೊಡವಿ, ಬಿಸಿಲಿಗೆ ಹರವಿ, ಪುಡಿ ಬೆರೆಸಿ ಹಾಕಿಬಿಟ್ಟ. ಬೂದಿ ಅರ್ಧ ತಿಂದು ಮೂತಿ ತಿರುಗಿಸಿತು. ಉಳಿದದ್ದನ್ನು ತಿಪ್ಪೆಗೆ ಸುರಿದು, ಎಲ್ಲ ತಿಂದಿದೆ ಎಂದು ಮೇಡಂಗೆ ಹೇಳಿದ.

ಅನಿಲ ಅರ್ಧಕ್ಕಿಳಿಯಿತು.

“ಪುಡಿ ಕೆಲಸ ಮಾಡ್ತು ಕಣಯ್ಯಾ!” ಮೇಡಂ ಕುಣಿಯುವುದೊಂದು ಬಾಕಿ. “ಇದೇ ಮೇವು, ಇದೇ ಹಸು. ಸೋಮವಾರ ದೊಡ್ಡವರು ನೋಡೋಕೆ ಬರ್ತಾರೆ.”

ಅದೇ ಮೂಟೆ ಮುಂದುವರಿಯಿತು. ಬೂದಿಯ ಸಗಣಿ ನೀರಾಯಿತು, ಮೆಲುಕು ನಿಂತಿತು.

“ಬಾಯಿ ಹೊಲ್ಕೊಂಡಿರ್ರೀ,” ಎಂದಳು ಹೆಂಡತಿ. “ಹಸುಗೆ ಕೊಟ್ಟಿಗೆ ಇದೆ, ನಮಗೇನಿದೆ?”

ಆದರೂ ಅವನು ಹೋಗಿ, ಬೂಷ್ಟು ಹಾಕಿದ್ದು, ಉಳಿದದ್ದನ್ನು ತಿಪ್ಪೆಗೆ ಸುರಿದದ್ದು ಎಲ್ಲ ಹೇಳಿದ. ಮೇಡಂ ಬೂದಿಯ ಲೆಕ್ಕದ ಹಾಳೆ ಎಳೆದುಕೊಂಡರು.

“ತಿಂದಿದ್ದೇ ಅರ್ಧ, ಅದರ ಮೇಲೆ ಬೂಷ್ಟಿನ ವಿಷಕ್ಕೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಸತ್ತಿರ್ತವೆ. ಮೇವೇ ಹುದುಗದಿದ್ರೆ ಗ್ಯಾಸ್ ಎಲ್ಲಿಂದ ಬರಬೇಕು?” ಎಂದರು. ಬಾಗಿಲ ಕಡೆ ನೋಡಿ, “ವರದಿ ಕಳಿಸಿಬಿಟ್ಟಿದ್ದೀನಿ. ಇನ್ಯಾರಿಗೆ ಗೊತ್ತು?”

“ಮನೆಯವಳಿಗೆ.”

“ಸೋಮವಾರದವರೆಗೆ ಅದನ್ನೇ ಹಾಕು. ಔಷಧಿ ಆಮೇಲೆ ಕೊಡೋಣ.”

ಆಮೇಲೆ ಎಂಬುದು ಮೇಲಿನವರ ಬಾಯಲ್ಲಿ ಎಷ್ಟು ಉದ್ದ ಎಂಬುದು ಕೆಳಗಿನವರಿಗೆ ಗೊತ್ತು. ಬೂದಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಸೋಮವಾರ ಗಾಜಿನಾಚೆ ಇಸ್ತ್ರಿ ಅಂಗಿಗಳು ಸಾಲಾಗಿ ನಿಂತವು. ಮೇವು ಹಾಕಿ ತಕ್ಷಣ ಹೊರಬರಬೇಕು, ಮನುಷ್ಯನ ಉಸಿರು ಸೇರಿದರೆ ಆ ದಿನದ ಲೆಕ್ಕವೇ ರದ್ದು. ಗೂಟ ಬುಟ್ಟಿ ಹಿಡಿದು ಒಳಹೋದ. ಬುಟ್ಟಿಯನ್ನು ಮೂಲೆಗಿಟ್ಟ, ಬಾಗಿಲು ಎಳೆದುಕೊಂಡ, ಬಕೆಟ್ ಬೋರಲು ಹಾಕಿ ಕೂತ.

“ಹೊರಗೆ ಬಾರಯ್ಯಾ! ಲೆಕ್ಕ ಹಾಳಾಗುತ್ತೆ!” ಮೈಕಿನಲ್ಲಿ ಮೇಡಂ ಕೂಗಿದರು.

“ಆಗ್ಲಿ ಮೇಡಂ. ಬೂಷ್ಟು ಹಾಕ್ದೋನು ನಾನೇ, ಇನ್ನು ಹಾಕೋನು ನಾನಲ್ಲ.”

ಅಂಗಿಗಳಲ್ಲಿ ಒಬ್ಬರು ಮೇಡಂ ಕಡೆ ತಿರುಗಿ, ಯಾವ ಬೂಷ್ಟು ಎಂದು ಕೇಳಿದರು. ಮೇಡಂ ಮೈಕ್ ಆರಿಸಿದರು.

ಅವರೆಲ್ಲರ ಹಿಂದೆ ಹೆಂಡತಿ ಕಂಡಳು. ಮನೆ ಮುಂದಿನ ತಂತಿಯಿಂದ ಒಣಗದ ಬಟ್ಟೆಗಳನ್ನೂ ಎಳೆದುಕೊಂಡು, ಗಂಟು ಕಟ್ಟಲು ಒಳಗೆ ಹೋದಳು.