ಮುಟ್ಟದೆ ಗುರುತಿಸಿದ ಟರ್ಕಿ ಮರಿಗಳು

ಹಂಸಭಾವಿಯಲ್ಲಿ ಮಾಸ್ತರನಾಗಿದ್ದ ಕಾಲದ ದಿನಚರಿಯೊಂದು ನನ್ನಲ್ಲಿ ಉಳಿದಿದೆ. ಇಸವಿ ಬರೆದ ಮೊದಲ ಹಾಳೆ ಮಾತ್ರ ಹರಿದುಹೋಗಿದೆ. ಟರ್ಕಿ ಕೋಳಿಯ ಮರಿಗಳು ತತ್ತಿಯೊಡೆದು ಬಂದದ್ದು ‘ಸೂರ್ಯಗ್ರಹಣವಾದ ವಾರಕ್ಕೆ’ ಎಂದು ಅದರಲ್ಲಿದೆ. ಹಗಲೇ ಕತ್ತಲಾದ ಆ ಗ್ರಹಣವನ್ನು ಹಳೆಯ ಪಂಚಾಂಗದೊಂದಿಗೆ ತಾಳೆ ನೋಡಿದೆ: 1980ರ ಫೆಬ್ರುವರಿ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಬೀಗರಿಂದ ತಂದ ತತ್ತಿಗಳನ್ನು ಊರ ಕೋಳಿಯ ಕಾವಿಗೆ ಇಟ್ಟಿದ್ದರು. ಒಂಬತ್ತು ಮರಿಗಳಾದವು. ಆ ಹಕ್ಕಿಯನ್ನು ನಮ್ಮ ಓಣಿಯಲ್ಲಿ ಯಾರೂ ಕಂಡವರಲ್ಲ.

“ನೀವು ಓದಿದವರು. ಗಂಡು ಯಾವು, ಹೆಣ್ಣು ಯಾವು, ಆರಿಸಿ ಹೇಳ್ರಿ ಮಾಸ್ತರ್ರ. ಗಂಡು ಒಂದ ಸಾಕು. ನನಗ ತತ್ತಿ ಇಡೋವು ಬೇಕು, ಹಿಂಡು ಬೆಳೀಬೇಕು.”

ಮರಿಯನ್ನು ಹಿಡಿದು ಕೊಕ್ಕಿನ ಮೇಲಿನ ಮಾಂಸದ ಎಳೆಯನ್ನೂ ಎದೆಯನ್ನೂ ಪರೀಕ್ಷಿಸಬೇಕೆಂದು ನಾನು ತರಿಸಿದ ಕೈಪಿಡಿ ಹೇಳುತ್ತಿತ್ತು. ವೈಷ್ಣವರ ಮನೆಯಲ್ಲಿ ಬೆಳೆದ ನಾನು ಕೋಳಿಯನ್ನು ಮುಟ್ಟಿದವನಲ್ಲ. ಕಟ್ಟೆಯ ಮೇಲೆ ಕುಳಿತು, ಬಾಲ ಬಿಚ್ಚಿ ಬೀಗಿದ ಐದನ್ನು ಗಂಡೆಂದು ಬರೆದುಕೊಂಡೆ. ಒಡತಿ ಅವುಗಳ ಕಾಲಿಗೆ ಕೆಂಪು ದಾರ ಕಟ್ಟಿದರು. ಎಳವೆಯಲ್ಲಿ ಹೆಣ್ಣೂ ಹಾಗೆಯೇ ಬೀಗುತ್ತದೆಂಬುದು ನನಗೆ ತಿಳಿದಿರಲಿಲ್ಲ.

“ನಿಮ್ಮ ಹೆಣ್ಣು ಗಂಡಿಗಿಂತ ದಪ್ಪ ಆಗಾಕತ್ತಾವಲ್ರಿ,” ಎಂದು ಮೂರನೆಯ ತಿಂಗಳಲ್ಲಿ ಕೇಳಿದರು.

“ತತ್ತಿ ಇಡೋವಲ್ಲಾ ಅಕ್ಕಾರ, ಮೈ ತುಂಬ್ತಾವ,” ಎಂದೆ.

ಅವರ ಅಣ್ಣ ಶಿಗ್ಗಾಂವಿಯಿಂದ ಬಂದ ದಿನ ದಾರ ಕಟ್ಟಿದ ನಾಲ್ಕನ್ನು ಹಿತ್ತಲಲ್ಲಿ ಕೊಯ್ದರು. ನಾನು ಬಾಗಿಲು ಹಾಕಿಕೊಂಡು ಕುಳಿತೆ. ರೆಕ್ಕೆಗಳು ನೆಲಕ್ಕೆ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಆಮೇಲೆ ಒಡತಿ ಕದ ತಟ್ಟಿದರು. ಮೊಣಕೈವರೆಗೆ ರಕ್ತ, ಅಂಗೈಯಲ್ಲಿ ಗಸಗಸೆಯಂಥ ತತ್ತಿಗೊಂಚಲು.

“ನಿಮ್ಮ ಗಂಡಿನ ಹೊಟ್ಟ್ಯಾಗ ಇದ್ದದ್ದು. ನಾಲ್ಕಕ್ಕೂ ಐತಿ. ಇದನ್ನೂ ಬರಕೋರಿ.”

ಉಳಿದ ಐದರಲ್ಲಿ ಹೆಣ್ಣು ಒಂದೇ, ದಾರ ಕಟ್ಟಿಸಿಕೊಂಡದ್ದು. ಅವರ ಹಿಂಡು ಇನ್ನು ಅದರಿಂದಲೇ ಬೆಳೆಯಬೇಕಿತ್ತು.

ಶ್ರಾವಣದ ಹೊತ್ತಿಗೆ ಗಂಡುಗಳು ಬಲಿತವು. ಒಂದರ ಮುಖವನ್ನು ಇನ್ನೊಂದು ಕಚ್ಚಿ ಹಿಡಿದು, ಕತ್ತು ತಿರುಚಿ, ಚರ್ಮ ಸುಲಿಯುವವರೆಗೆ ಬಿಡುತ್ತಿರಲಿಲ್ಲ. ಒಂದರ ಕಣ್ಣು ಹೋಯಿತು. ನಾಲ್ಕೂ ಹೆಣ್ಣಿನ ಮೇಲೇರಿ ಉಗುರಿನಿಂದ ಪಕ್ಕೆ ಸೀಳಿದವು. ರಕ್ತ ಕಂಡಲ್ಲೇ ಮತ್ತೆ ಕುಕ್ಕಿದವು. ಹೆಣ್ಣಿನ ಮೇಲೆ ಬುಟ್ಟಿ ಕವುಚಿಟ್ಟರೆ ಉರುಳಿಸಿದವು. ಶ್ರಾವಣವೆಂದು ಗಂಡುಗಳನ್ನು ಯಾರೂ ಒಯ್ಯಲಿಲ್ಲ. ಆ ಮನೆಯಲ್ಲೂ ಆ ತಿಂಗಳು ಕತ್ತಿ ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೆಣ್ಣಿನ ಪಕ್ಕೆಯಲ್ಲಿ ಎಲುಬು ಕಂಡಿತು. ಅವರು ಅದನ್ನು ಅಡುಗೆಮನೆಗೆ ಒಯ್ದು, ಅರಿಷಿಣ ತುಂಬಿ, ಸೂಜಿದಾರದಿಂದ ಹೊಲಿದರು. ಹೊರಬಂದಾಗ ಕೈಯಲ್ಲಿ ಕುಡಗೋಲಿತ್ತು.

“ಶ್ರಾವಣ ಮುಗಿಯೂದರಾಗ ಇದು ಸಾಯತೈತ್ರಿ. ಮೂರು ಕೊಯ್ಯಬೇಕು. ಹಿಡಿಯೋರು ಬ್ಯಾರೆ ಯಾರಿಲ್ಲ.”

ಸ್ನಾನ ಮುಗಿಸಿದ್ದೆ. ಅಂಗಿ ತೆಗೆದಿಟ್ಟು ಹಿತ್ತಲಿಗೆ ಇಳಿದೆ. ಮೊದಲನೆಯದು ನನ್ನ ಮುಂಗೈ ಪರಚಿತು. ಎರಡೂ ಕಾಲು ಸೇರಿಸಿ ಹಿಡಿದು ನೆಲಕ್ಕೆ ಒತ್ತಿದೆ. ಅದರ ಎದೆ ನನ್ನ ಅಂಗೈಯಡಿಯಲ್ಲಿ ಹೊಡೆದುಕೊಳ್ಳುತ್ತಿತ್ತು.

ಕುಡಗೋಲು ಎತ್ತಿದ ಅವರು ಕೈ ತಡೆದರು. “ಗಂಡು ಹೌದಲ್ರಿ? ಈ ಸಲ ಮುಟ್ಟಿ ಹೇಳ್ರಿ.”

ಎದೆಯ ಗರಿಗಳ ನಡುವೆ ಬೆರಳಿಳಿಸಿದೆ. ಬಲಿತ ಗಂಡಿಗೆ ಮೂಡುತ್ತದೆಂದು ಕೈಪಿಡಿ ಹೇಳಿದ್ದ, ಕುದುರೆಯ ಬಾಲದಂಥ ಒರಟು ಕೂದಲಿನ ಮೊಳಕೆ ಸಿಕ್ಕಿತು.

“ಗಂಡು ಐತಿ,” ಎಂದೆ. ಕುಡಗೋಲು ಇಳಿಯಿತು. ಇನ್ನೆರಡಕ್ಕೂ ಹಾಗೆಯೇ ಹೇಳಿದೆ.

ಹೆಣ್ಣು ಬದುಕಿತು, ಮಾಗಿಯಲ್ಲಿ ಅದರ ಮೊದಲ ತತ್ತಿಯ ದಿನ ದಿನಚರಿಯಲ್ಲಿದೆ. ಕೊಯ್ದ ದಿನದ ತಿಥಿ ಮಾತ್ರ ಇಂದಿಗೂ ಖಚಿತವಾಗಿಲ್ಲ. ಶ್ರಾವಣದ ಹಲವು ಪುಟಗಳು ಖಾಲಿ ಇವೆ, ಅವುಗಳಲ್ಲಿ ಯಾವುದು ಆ ದಿನದ್ದೋ ತಿಳಿಯದು.